ಅಗಲದ ಆಸೆ, ಬಲದ ಲೆಕ್ಕ

ಪಿಯುಸಿ ಪರೀಕ್ಷೆ ಮುಗಿದು ಫಲಿತಾಂಶ ಬರುವವರೆಗಿನ ದಿನಗಳಿವೆಯಲ್ಲ, ಹಳ್ಳಿಯ ಮನೆಗಳಲ್ಲಿ ಅವು ವಿಚಿತ್ರವಾದ ದಿನಗಳು. ಪುಸ್ತಕಗಳು ಅಟ್ಟ ಸೇರಿರುತ್ತವೆ. ಮಕ್ಕಳು ಮನೆಯಲ್ಲೇ ಇರುತ್ತಾರೆ, ಏನು ಮಾಡಬೇಕೆಂದು ತೋಚುವುದಿಲ್ಲ. ಅಪ್ಪಂದಿರಿಗೆ ಅದೇ ಹೊತ್ತಿಗೆ ಕೈತುಂಬ ಕೆಲಸ. ಮುಂಗಾರು ಇಳಿಯುವ ಮೊದಲು ಹೊಲ ಹಸನಾಗಬೇಕು, ಗೊಬ್ಬರ ಸಾಗಬೇಕು, ದುಡ್ಡು ಹೊಂದಿಸಬೇಕು. ಒಂದೇ ಸೂರಿನಡಿ ಬಿಡುವಿದ್ದವರು ಒಬ್ಬರು, ಬಿಡುವಿಲ್ಲದವರು ಇನ್ನೊಬ್ಬರು.

ಅಂಥದೊಂದು ಸಂಜೆ ತಿಪಟೂರಿನ ಕಡೆಯ ಪರಿಚಿತ ರೈತರೊಬ್ಬರ ಮನೆಗೆ ಹೋಗಿದ್ದೆ. ಮೂರು ಎಕರೆ ತೆಂಗು-ಅಡಿಕೆ ತೋಟ, ಎರಡು ಎಕರೆ ರಾಗಿ ಹೊಲ. ಹಿಂದಿನ ವರ್ಷ 20 ಎಚ್.ಪಿ.ಯ ಮಿನಿ ಟ್ರ್ಯಾಕ್ಟರ್ ಕೊಂಡಿದ್ದಾರೆ. ಈಗ ಅದಕ್ಕೊಂದು ರೋಟವೇಟರ್ ಬೇಕು. ಜಗಲಿಯ ಮೇಲೆ ಬಣ್ಣ ಬಣ್ಣದ ಜಾಹೀರಾತು ಪತ್ರಗಳು ಹರಡಿದ್ದವು.

"ನೀವೇ ಹೇಳಿ ಮೇಷ್ಟ್ರೇ," ಎಂದರು. "ಅಂಗಡಿಯವರು ಐದು ಅಡಿದೇ ತಗೊಳ್ಳಿ ಅಂತಾರೆ. ಮೂರೂವರೆ ಅಡಿದಕ್ಕೂ ಅದಕ್ಕೂ ದುಡ್ಡಿನಲ್ಲಿ ಅಂಥ ಅಂತರ ಇಲ್ವಂತೆ. ಅಗಲ ಇದ್ದಷ್ಟೂ ಕೆಲಸ ಬೇಗ ಅಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಬಾಗಿಲ ಬಳಿ ನಿಂತಿದ್ದ ಮಗಳು ಕೇಳಿದಳು: "ಅಪ್ಪಾ, ಚಿಕ್ಕಪ್ಪನ ಟ್ರ್ಯಾಕ್ಟರ್ ಎಷ್ಟು ಎಚ್.ಪಿ.?"

"ನಲವತ್ತೈದು. ಅವನದು ಆರು ಅಡಿ ರೋಟವೇಟರ್."

"ನಲವತ್ತೈದಕ್ಕೆ ಆರು ಅಡಿಯಾದರೆ ನಮ್ಮ ಇಪ್ಪತ್ತಕ್ಕೆ ಐದು ಅಡಿ ಹೇಗಪ್ಪಾ ಆಗುತ್ತೆ?"

ತ್ರೈರಾಶಿಯ ಲೆಕ್ಕ! ಏಳನೇ ತರಗತಿಯ ಮಗು ಮಾಡಬಲ್ಲ ಈ ಲೆಕ್ಕವನ್ನು ಅಂಗಡಿಯಲ್ಲಿ ಯಾರೂ ಮಾಡಿರಲಿಲ್ಲ. "ಒಂದು ಹಾಳೆ, ಪೆನ್ಸಿಲು, ಅಳತೆಯ ಟೇಪು ತಗೊಂಡು ಬಾರಮ್ಮ" ಎಂದೆ. ಆ ಸಂಜೆ ಆ ಹಾಳೆಯ ಮೇಲೆ ಬಂದದ್ದನ್ನೇ ಈ ವಾರ ನಿಮ್ಮ ಮುಂದಿಡುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಟ್ರ್ಯಾಕ್ಟರ್ ಇಲ್ಲದಿದ್ದರೂ ಓದಿ. ಭೌತಶಾಸ್ತ್ರದ ಅರ್ಧ ಪುಸ್ತಕ ಈ ಒಂದು ಯಂತ್ರದಲ್ಲಿ ಅಡಗಿದೆ.

ಎಳೆಯುವುದಲ್ಲ, ತಿರುಗುವುದು

ನೇಗಿಲನ್ನು ಎತ್ತು ಎಳೆಯಲಿ, ಟ್ರ್ಯಾಕ್ಟರ್ ಎಳೆಯಲಿ, ಕೆಲಸ ನಡೆಯುವುದು ಎಳೆತದಿಂದ. ಎಳೆಯಲು ಚಕ್ರಕ್ಕೆ ನೆಲದ ಹಿಡಿತ ಬೇಕು, ಹಿಡಿತಕ್ಕೆ ಟ್ರ್ಯಾಕ್ಟರಿಗೆ ತೂಕ ಬೇಕು. ಮಿನಿ ಟ್ರ್ಯಾಕ್ಟರ್ ಹಗುರ. ದೊಡ್ಡ ನೇಗಿಲು ಕಟ್ಟಿದರೆ ಎಂಜಿನ್ನಿನಲ್ಲಿ ಬಲ ಇದ್ದರೂ ಚಕ್ರ ನಿಂತಲ್ಲೇ ಜಾರುತ್ತದೆ.

ರೋಟವೇಟರಿನ ದಾರಿ ಬೇರೆ. ಟ್ರ್ಯಾಕ್ಟರಿನ ಬೆನ್ನಿನಲ್ಲಿ ಪಿ.ಟಿ.ಓ. ಎಂಬ ತಿರುಗುವ ದಂಡವೊಂದಿದೆ. ಎಂಜಿನ್ನಿನ ಬಲ ಚಕ್ರಗಳನ್ನು ಬಳಸಿಕೊಂಡು ಬರದೆ, ಆ ದಂಡದ ಮೂಲಕ ನೇರವಾಗಿ ಬ್ಲೇಡುಗಳಿಗೆ ಹೋಗುತ್ತದೆ. ಬ್ಲೇಡುಗಳು ಚಕ್ರ ಸುತ್ತುವ ದಿಕ್ಕಿನಲ್ಲೇ ಸುತ್ತುತ್ತ ಮಣ್ಣನ್ನು ಕತ್ತರಿಸಿ ಹಿಂದಕ್ಕೆ ಎಸೆಯುತ್ತವೆ. ಮಣ್ಣು ಹಿಂದಕ್ಕೆ ಹೋದರೆ ಯಂತ್ರ ಮುಂದಕ್ಕೆ ತಳ್ಳಲ್ಪಡಬೇಕಷ್ಟೆ. ನ್ಯೂಟನ್ನನ ಮೂರನೇ ನಿಯಮ. ಹೀಗಾಗಿ ರೋಟವೇಟರ್ ಟ್ರ್ಯಾಕ್ಟರನ್ನು ಹಿಡಿದೆಳೆಯುವುದಿಲ್ಲ, ಹಿಂದಿನಿಂದ ನೂಕುತ್ತದೆ. ಹಗುರ ಟ್ರ್ಯಾಕ್ಟರಿಗೂ ರೋಟವೇಟರಿಗೂ ಜೋಡಿ ಚೆನ್ನಾಗಿ ಹೊಂದುವುದು ಇದೇ ಕಾರಣಕ್ಕೆ.

ಈ ಯಂತ್ರ ಹುಟ್ಟಿದ್ದೂ ಒಬ್ಬ ರೈತನ ಮಗನಿಂದ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಪ್ರಾಂತದ ಗಿಲ್ಗಾಂಡ್ರಾದಲ್ಲಿ 1912ರಲ್ಲಿ ಆರ್ಥರ್ ಕ್ಲಿಫರ್ಡ್ ಹೋವರ್ಡ್ ಎಂಬ ಹತ್ತೊಂಬತ್ತರ ಹುಡುಗ ಅಪ್ಪನ ಉಗಿ ಟ್ರ್ಯಾಕ್ಟರಿನ ಬಲದಿಂದ ಬ್ಲೇಡು ತಿರುಗಿಸಿ ನೆಲ ಅಗೆದು ನೋಡಿದ. ಮೊದಲ ಯಂತ್ರ ಮಣ್ಣನ್ನು ಪಕ್ಕಕ್ಕೆ ಎರಚಿತು. ಬ್ಲೇಡಿನ ತುದಿಯನ್ನು ಇಂಗ್ಲಿಷಿನ 'ಎಲ್' ಅಕ್ಷರದಂತೆ ಬಗ್ಗಿಸಿದ ಮೇಲೆ ಸರಿಹೋಯಿತು. 1920ರಲ್ಲಿ ಪೇಟೆಂಟ್ ಪಡೆದ. ಇಂದಿಗೂ ನಮ್ಮ ಊರುಗಳಲ್ಲಿ ತಿರುಗುತ್ತಿರುವುದು ಹೆಚ್ಚಾಗಿ ಅದೇ 'ಎಲ್' ಬ್ಲೇಡು. ಅವನ ಯಂತ್ರಗಳಿಗೆ ಅಂಟಿದ ರೋಟವೇಟರ್ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಹಿಂದಿನಿಂದ ಓದಿ ನೋಡಿ. ನಮ್ಮ 'ವಿಕಟಕವಿ'ಯ ಹಾಗೆ ಎತ್ತಲಿಂದ ಓದಿದರೂ ಒಂದೇ!

ಬೆನ್ನಿಗೆ ಬರುವ ಬಲವೆಷ್ಟು?

ಹಾಳೆಯ ಮೇಲೆ ಬರೆದ ಮೊದಲ ಸಂಖ್ಯೆ 20. ಅದು ಎಂಜಿನ್ನಿನ ಬಲ. ಗೇರುಗಳನ್ನು ದಾಟಿ ಹಿಂದಿನ ದಂಡಕ್ಕೆ ಬರುವಾಗ ಅದರಲ್ಲಿ ಒಂದು ಪಾಲು ಘರ್ಷಣೆಗೆ ಸೋರಿಹೋಗುತ್ತದೆ. ಸ್ಥೂಲವಾಗಿ ನೂರಕ್ಕೆ 85ರಷ್ಟು ತಲುಪುತ್ತದೆಂದು ಹಿಡಿದರೆ 17 ಎಚ್.ಪಿ. ಸಿಕ್ಕಿತು. ಟ್ರ್ಯಾಕ್ಟರಿನ ಕೈಪಿಡಿಯಲ್ಲಿ 'ಪಿ.ಟಿ.ಓ. ಬಲ' ಎಂದು ಬೇರೆಯಾಗಿ ಬರೆದಿರುತ್ತದೆ. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆ ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ಕೊಡುವ ವರದಿಯಲ್ಲೂ ಅದು ಇರುತ್ತದೆ. ಮಾರುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು.

ಇನ್ನು ಮಣ್ಣಿನ ಕಡೆ ಬನ್ನಿ. ನಾಲ್ಕೈದು ಇಂಚು ಆಳಕ್ಕೆ, ಹದವಾಗಿರುವ ಮರಳುಮಿಶ್ರಿತ ಕೆಂಪು ಮಣ್ಣಿನಲ್ಲಿ, ರೋಟವೇಟರಿನ ಅಗಲದ ಒಂದೊಂದು ಅಡಿಗೆ ಸುಮಾರು 5 ಎಚ್.ಪಿ. ಬೇಕೆಂಬುದು ರೂಢಿಯ ಲೆಕ್ಕ. ಜಿಗುಟು ಎರೆ ಮಣ್ಣು, ಒಣಗಿ ಗಟ್ಟಿಯಾದ ನೆಲ, ಹೆಚ್ಚು ಆಳ ಎಂದಾದರೆ ಅದು 6, 7ಕ್ಕೂ ಏರುತ್ತದೆ. 17ನ್ನು 5ರಿಂದ ಭಾಗಿಸಿದರೆ 3.4 ಅಡಿ. ಇವರ ಹೊಲ ಕೆಂಪು ಮಣ್ಣಿನದು, ಹಾಗಾಗಿ ಮೂರೂವರೆ ಅಡಿ ಹತ್ತಿರದ ಉತ್ತರ. ಇದೇ ಟ್ರ್ಯಾಕ್ಟರ್ ಎರೆ ಮಣ್ಣಿನ ಸೀಮೆಯಲ್ಲಿದ್ದಿದ್ದರೆ ಮೂರು ಅಡಿಯೂ ಹೆಚ್ಚಾಗುತ್ತಿತ್ತು.

"ಹಾಗಾದರೆ ನನ್ನ ತ್ರೈರಾಶಿ ತಪ್ಪಾಯಿತಾ? ಅದರಲ್ಲಿ 2.7 ಅಡಿಯೇ ಬಂದಿತ್ತು" ಎಂದಳು ಹುಡುಗಿ. ತಪ್ಪಲ್ಲ. ಚಿಕ್ಕಪ್ಪನ ಟ್ರ್ಯಾಕ್ಟರ್ ಬಾಡಿಗೆಗೂ ಓಡುತ್ತದೆ, ಯಾರ ಗಟ್ಟಿ ನೆಲಕ್ಕಾದರೂ ಇಳಿಯಬೇಕು. ಅದಕ್ಕೆ ಬಲವನ್ನು ಉಳಿಸಿಕೊಂಡೇ ಅಗಲ ಆರಿಸಿದ್ದಾರೆ. ಐದು ಅಡಿ ಇಪ್ಪತ್ತು ಎಚ್.ಪಿ.ಗೆ ಹೊರೆ ಎಂಬುದನ್ನು ಎರಡು ಲೆಕ್ಕಗಳೂ ಹೇಳುತ್ತಿವೆ.

ಪಿ.ಟಿ.ಓ. ವೇಗವನ್ನೂ ಇಲ್ಲೇ ನೋಡಿಕೊಳ್ಳಿ. ನಿಮಿಷಕ್ಕೆ 540 ಸುತ್ತು ಎಂಬುದು ಸಾಮಾನ್ಯ ಪ್ರಮಾಣ. ಮಿನಿ ಟ್ರ್ಯಾಕ್ಟರುಗಳಲ್ಲಿ ಕೆಲವಕ್ಕೆ ಎರಡು, ಮೂರು ವೇಗಗಳಿರುತ್ತವೆ. ರೋಟವೇಟರಿನ ಗೇರ್ ಪೆಟ್ಟಿಗೆ ಯಾವ ವೇಗಕ್ಕೆ ಮಾಡಿದ್ದೋ ಅದೇ ವೇಗದಲ್ಲಿ ಓಡಿಸಬೇಕು.

ಬೇಗ ಎಂಬ ಭ್ರಮೆ

"ಹೊರೆ ಆದರೂ ಆಗಲಿ, ನಿಧಾನವಾಗಿ ಓಡಿಸಿದರಾಯ್ತು. ಅಗಲ ಇದೆಯಲ್ಲ" ಎಂದರು ತಂದೆ. ಹೆಚ್ಚಿನವರು ಎಡವುವುದು ಇಲ್ಲೇ. ಹಾಳೆ ಏನು ಹೇಳುತ್ತದೆ ನೋಡೋಣ.

ಮೂರೂವರೆ ಅಡಿ ಎಂದರೆ ಸುಮಾರು 1.05 ಮೀಟರ್. ಗಂಟೆಗೆ ಎರಡೂವರೆ ಕಿಲೋಮೀಟರ್, ಅಂದರೆ 2,500 ಮೀಟರ್ ಸಾಗಿದರೆ 2,625 ಚದರ ಮೀಟರ್ ನೆಲ. ತಿರುವುಗಳಲ್ಲಿ, ಒಂದರ ಮೇಲೊಂದು ಸಾಲು ಹಾಯುವುದರಲ್ಲಿ ಐದರಲ್ಲೊಂದು ಪಾಲು ಹೋಗುತ್ತದೆಂದು ಕಳೆದರೆ 2,100 ಚದರ ಮೀಟರ್. ಒಂದು ಗುಂಟೆಗೆ ಸುಮಾರು 101 ಚದರ ಮೀಟರ್. ಗಂಟೆಗೆ ಹೆಚ್ಚೂ ಕಡಿಮೆ 21 ಗುಂಟೆಯಾಯಿತು; ಎಕರೆಗೆ ಎರಡು ಗಂಟೆಗಿಂತ ಸ್ವಲ್ಪ ಕಡಿಮೆ.

ಐದು ಅಡಿ ಎಂದರೆ ಒಂದೂವರೆ ಮೀಟರ್. ಹೊರೆ ತಾಳಲಾರದೆ ಟ್ರ್ಯಾಕ್ಟರನ್ನು ಗಂಟೆಗೆ ಒಂದೂವರೆ ಕಿಲೋಮೀಟರಿಗೆ ಇಳಿಸಬೇಕಾಯಿತೆನ್ನಿ. 1.5ನ್ನು 1,500ರಿಂದ ಗುಣಿಸಿದರೆ 2,250. ಐದರಲ್ಲೊಂದು ಪಾಲು ಕಳೆದರೆ 1,800 ಚದರ ಮೀಟರ್, ಗಂಟೆಗೆ 18 ಗುಂಟೆ!

ಅಗಲ ಹೆಚ್ಚಾಯಿತು, ಕೆಲಸ ಕಡಿಮೆಯಾಯಿತು. ಬಲ ಒಂದೇ ಇರುವಾಗ ಅಗಲ ಹೆಚ್ಚಿಸಿದರೆ ವೇಗವೋ ಆಳವೋ ಬಿಟ್ಟುಕೊಡಲೇಬೇಕು. ವೇಗ ತಗ್ಗಿಸದಿದ್ದರೆ ಎಂಜಿನ್ ಉಸಿರು ಕಟ್ಟಿ ಕಪ್ಪು ಹೊಗೆ ಉಗುಳುತ್ತದೆ. ಡ್ರೈವರ್ ಲಿವರ್ ಎತ್ತಿ ಎತ್ತಿ ಇಳಿಸುತ್ತಾನೆ. ನೆಲ ಕೆಲವು ಕಡೆ ಐದು ಇಂಚು, ಕೆಲವು ಕಡೆ ಎರಡು ಇಂಚು ಆಳಕ್ಕೆ ಏರುಪೇರಾಗುತ್ತದೆ. ಡೀಸೆಲ್ ಖರ್ಚು, ಕ್ಲಚ್ಚಿನ ಸವೆತ ಬೇರೆ. ಅಂಗಡಿಯಲ್ಲಿ 'ಅಂಥ ಅಂತರ ಇಲ್ಲ' ಎನಿಸಿದ ದುಡ್ಡು ಹೊಲದಲ್ಲಿ ವರ್ಷ ವರ್ಷವೂ ಹೋಗುತ್ತಿರುತ್ತದೆ.

ಟೇಪು ಹಿಡಿದು

ಅಂಗಳದಲ್ಲಿ ನಿಂತಿದ್ದ ಟ್ರ್ಯಾಕ್ಟರಿನ ಹಿಂದಿನ ಎರಡು ಚಕ್ರಗಳ ಹೊರ ಅಂಚಿನಿಂದ ಹೊರ ಅಂಚಿಗೆ ಹುಡುಗಿ ಟೇಪು ಹಿಡಿದಳು. ಮೂರೂಕಾಲು ಅಡಿ ಬಂತು. ರೋಟವೇಟರ್ ಇದಕ್ಕಿಂತ ಕಿರಿದಾಗಿದ್ದರೆ ಚಕ್ರ ತುಳಿದು ಗಟ್ಟಿ ಮಾಡಿದ ಪಟ್ಟೆ ಹಾಗೇ ಉಳಿದುಬಿಡುತ್ತದೆ. ಮೂರು ಅಡಿಯದಾದರೆ ಎರಡೂ ಬದಿಗೆ ಪಟ್ಟೆ ಉಳಿಯುತ್ತಿತ್ತು. ಮೂರೂವರೆ ಅಡಿಯದು ಚಕ್ರದ ಗುರುತನ್ನು ಅಳಿಸಿಕೊಂಡು ಹೋಗುತ್ತದೆ. ಬಲದ ಲೆಕ್ಕಕ್ಕೆ ಟೇಪೂ ಸಾಕ್ಷಿ ಹೇಳಿತು.

ಆಮೇಲೆ ತೋಟಕ್ಕೆ ಹೋದೆವು. ಅಡಿಕೆ ಸಾಲಿನಿಂದ ಸಾಲಿಗೆ ಒಂಬತ್ತು ಅಡಿ. ನಡುವೆ ಐದು ಅಡಿಯ ರೋಟವೇಟರ್ ಓಡಿದರೆ ಎರಡೂ ಬದಿಗೆ ಉಳಿಯುವುದು ಎರಡೆರಡೇ ಅಡಿ. ಚಾಲಕನ ಕೈ ಸ್ವಲ್ಪ ಅತ್ತಿತ್ತ ಆದರೆ ಮರದ ಬುಡಕ್ಕೇ ಹೋದ ಹಾಗೆ. ಅಡಿಕೆಯ ಊಟದ ಬೇರುಗಳು ಮೇಲ್ಮಣ್ಣಿನಲ್ಲೇ ಹರಡಿರುತ್ತವೆ. ಅವನ್ನು ಕತ್ತರಿಸಿದರೆ ಮರ ಕೂಗಿ ಹೇಳುವುದಿಲ್ಲ, ಫಸಲು ಇಳಿಸಿ ಹೇಳುತ್ತದೆ. ಮೂರೂವರೆ ಅಡಿಯದಾದರೆ ಪ್ರತಿ ಬದಿಗೂ ಎರಡೂಮುಕ್ಕಾಲು ಅಡಿ ಉಳಿಯುತ್ತದೆ. ತೋಟದಲ್ಲಿ ಆಳವನ್ನೂ ಎರಡು-ಮೂರು ಇಂಚಿಗೆ ನಿಲ್ಲಿಸಬೇಕು. ಆಳ ಹೊಂದಿಸಲು ರೋಟವೇಟರಿನ ಎರಡು ಬದಿಗೂ ಜಾರುವ ಪಟ್ಟಿಗಳಿರುತ್ತವೆ. ಅವು ಸುಲಭವಾಗಿ ಮೇಲೆ ಕೆಳಗೆ ಸರಿಯುತ್ತವೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ.

ಸನ್ನೆಗೋಲಿನ ಪಾಠ

ಇನ್ನೊಂದು ಲೆಕ್ಕ ಕೆಲಸದ ವೇಗಕ್ಕಲ್ಲ, ಜೀವಕ್ಕೆ ಸಂಬಂಧಿಸಿದ್ದು. ರೋಟವೇಟರ್ ಎತ್ತಿಕೊಂಡು ಬದು ಹತ್ತುವಾಗ ಟ್ರ್ಯಾಕ್ಟರಿನ ಮೂತಿ ಮೇಲೇಳುವುದನ್ನು ನೀವು ನೋಡಿರಬಹುದು. ಹಿಂದಿನ ಅಚ್ಚು ಆಧಾರಬಿಂದು, ಮುಂದಿನ ಚಕ್ರದ ಭಾರ ಒಂದು ತುದಿ, ನೇತಾಡುವ ಯಂತ್ರ ಇನ್ನೊಂದು ತುದಿ. ಅಪ್ಪಟ ಸನ್ನೆಗೋಲು.

ಉದಾಹರಣೆಗೆ 850 ಕಿಲೋ ತೂಗುವ ಒಂದು ಟ್ರ್ಯಾಕ್ಟರಿನ ಮುಂದಿನ ಚಕ್ರಗಳ ಮೇಲೆ 340 ಕಿಲೋ ಭಾರವಿದೆ, ಎರಡು ಅಚ್ಚುಗಳ ನಡುವೆ ಒಂದೂವರೆ ಮೀಟರ್ ಇದೆ, ರೋಟವೇಟರಿನ ಭಾರಕೇಂದ್ರ ಹಿಂದಿನ ಅಚ್ಚಿನಿಂದ 0.9 ಮೀಟರ್ ಹಿಂದಿದೆ ಎಂದುಕೊಳ್ಳೋಣ. 200 ಕಿಲೋದ ರೋಟವೇಟರನ್ನು ಎತ್ತಿದರೆ ಮುಂದಿನ ಚಕ್ರದ ಭಾರ 120 ಕಿಲೋ ಇಳಿಯುತ್ತದೆ. 200ನ್ನು 0.9ರಿಂದ ಗುಣಿಸಿ 1.5ರಿಂದ ಭಾಗಿಸಿದರೆ ಸಿಗುವುದು ಇದೇ. ಉಳಿದದ್ದು 220. ಸ್ಟಿಯರಿಂಗ್ ಮಾತು ಕೇಳಬೇಕಾದರೆ ಒಟ್ಟು ತೂಕದ ಐದರಲ್ಲೊಂದು ಪಾಲಾದರೂ ಮುಂದಿನ ಚಕ್ರಗಳ ಮೇಲಿರಬೇಕು ಎನ್ನುತ್ತಾರೆ. ಒಟ್ಟು 1,050 ಕಿಲೋಗೆ 210 ಸಾಕು. ದಾಟಿತು.

350 ಕಿಲೋದ ಅಗಲ ರೋಟವೇಟರ್ ಆದರೆ? ಮುಂದಿನ ಭಾರ 210 ಕಿಲೋ ಇಳಿದು 130 ಮಾತ್ರ ಉಳಿಯುತ್ತದೆ. ಬೇಕಾದದ್ದು 240. ಸಮನೆಲದಲ್ಲೇ ಈ ಪಾಡು, ಏರಿನಲ್ಲಿ ಕೇಳುವುದೇ ಬೇಡ. ಹೈಡ್ರಾಲಿಕ್ ಲಿವರ್ ಎತ್ತಬಲ್ಲದು ಎಂದ ಮಾತ್ರಕ್ಕೆ ಟ್ರ್ಯಾಕ್ಟರ್ ಹೊತ್ತು ನಡೆಯಬಲ್ಲದು ಎಂದಲ್ಲ. ಕೆಲವರು ಮುಂದೆ ಬಂಪರಿಗೆ ತೂಕದ ಬಿಲ್ಲೆಗಳನ್ನು ಹಾಕಿಸುತ್ತಾರೆ, ಅದು ಸರಿಯಾದ ಕ್ರಮವೇ. ಆದರೆ ತೂಕಕ್ಕೆಂದು ಆಳನ್ನೋ ಹುಡುಗರನ್ನೋ ಮುಂದೆ ಕೂರಿಸುವುದು ಎಂದಿಗೂ ಕೂಡದು.

ಬ್ಲೇಡು, ಚೈನು, ಗೇರು

ಅಗಲ ನಿಶ್ಚಯವಾದ ಮೇಲೆ ಒಳಗಿನ ಅಂಗಾಂಗಗಳು. ರೋಟವೇಟರಿನ ಅಡ್ಡ ದಂಡಕ್ಕೆ ಬಿಲ್ಲೆಗಳಿರುತ್ತವೆ. ಒಂದೊಂದು ಬಿಲ್ಲೆಗೆ ಸಾಮಾನ್ಯವಾಗಿ ಆರು ಬ್ಲೇಡು, ಮೂರು ಎಡಕ್ಕೆ ಬಾಗಿದವು, ಮೂರು ಬಲಕ್ಕೆ ಬಾಗಿದವು. ಕಳೆ, ಕೂಳೆ ಇರುವ ಒಣ ನೆಲಕ್ಕೆ 'ಎಲ್' ಆಕಾರದ ಬ್ಲೇಡು ಒಳ್ಳೆಯದು. ಜಿಗುಟು, ಹಸಿ ಮಣ್ಣಿಗೆ 'ಸಿ' ಆಕಾರದ ಬಾಗಿದ ಬ್ಲೇಡು ಹೊಂದುತ್ತದೆ. ಬ್ಲೇಡುಗಳನ್ನು ದಂಡದ ಸುತ್ತ ಸುರುಳಿಯಾಗಿ ಜೋಡಿಸಿರುತ್ತಾರೆ. ಒಂದೇ ಒರಳಿಗೆ ಇಬ್ಬರು ಒನಕೆ ಹಾಕುವಾಗ ಒಬ್ಬರಾದ ಮೇಲೊಬ್ಬರು ಕುಟ್ಟುತ್ತಾರಲ್ಲ, ಹಾಗೆ. ಎಲ್ಲ ಬ್ಲೇಡೂ ಒಟ್ಟಿಗೆ ಮಣ್ಣಿಗೆ ಬಡಿದರೆ ಯಂತ್ರ ಕುಪ್ಪಳಿಸುತ್ತದೆ. ಬ್ಲೇಡು ಬದಲಿಸುವಾಗ ಎಡ ಬಲ ತಪ್ಪಿಸಬೇಡಿ.

ವಿದ್ಯಾರ್ಥಿಗಳಿಗೆ ಇಲ್ಲೊಂದು ಲೆಕ್ಕ. ದಂಡ ನಿಮಿಷಕ್ಕೆ 200 ಸುತ್ತು ತಿರುಗುತ್ತದೆ. ಒಂದು ಪಟ್ಟೆಯನ್ನು ಮೂರು ಬ್ಲೇಡು ಕತ್ತರಿಸುತ್ತವೆ. ಹಾಗಾದರೆ ನಿಮಿಷಕ್ಕೆ 600 ತುಂಡು. ಟ್ರ್ಯಾಕ್ಟರ್ ಗಂಟೆಗೆ ಎರಡೂವರೆ ಕಿಲೋಮೀಟರಿನಂತೆ ನಿಮಿಷಕ್ಕೆ ಸುಮಾರು 42 ಮೀಟರ್ ಹೋದರೆ ಒಂದೊಂದು ತುಂಡು ಏಳು ಸೆಂಟಿಮೀಟರ್ ದಪ್ಪ. ನಾಲ್ಕು ಕಿಲೋಮೀಟರ್ ವೇಗಕ್ಕೆ ಹನ್ನೊಂದು ಸೆಂಟಿಮೀಟರ್. ಮಣ್ಣು ಎಷ್ಟು ನುಣ್ಣಗಾಗಬೇಕೆಂಬುದು ಬ್ಲೇಡಿನ ಕೈಯಲ್ಲಲ್ಲ, ಗೇರಿನ ಕೈಯಲ್ಲಿದೆ ಎಂದಾಯಿತು.

ಪಕ್ಕದಿಂದ ದಂಡವನ್ನು ತಿರುಗಿಸಲು ಕೆಲವದರಲ್ಲಿ ಚೈನು, ಕೆಲವದರಲ್ಲಿ ಗೇರು. ಚೈನಿನದು ಹಗುರ, ಅಗ್ಗ. ಆದರೆ ಬೈಕಿನ ಚೈನಿನ ಹಾಗೆ ಸಡಿಲವಾದಾಗ ಬಿಗಿಯಬೇಕು. ಗೇರಿನದು ದುಬಾರಿ, ತೂಕ ಹೆಚ್ಚು, ಬಾಳಿಕೆಯೂ ಹೆಚ್ಚು. ವರ್ಷಕ್ಕೆ ಕೆಲವೇ ಗಂಟೆ ಓಡಿಸುವವರಿಗೆ ಚೈನಿನದೇ ಸಾಕು. ಎಲ್ಲಕ್ಕಿಂತ ಮುಖ್ಯ, ನಿಮ್ಮ ತಾಲ್ಲೂಕು ಕೇಂದ್ರದಲ್ಲಿ ಅದರ ಬ್ಲೇಡು, ಬೇರಿಂಗು, ಆಯಿಲ್ ಸೀಲು ಸಿಗುತ್ತವೆಯೇ? ಬಿತ್ತನೆಯ ದಿನ ಮುರಿದ ಬ್ಲೇಡಿಗೆ ಬೆಂಗಳೂರಿಗೆ ಓಡುವ ಹಾಗಾದರೆ ಯಾವ ರಿಯಾಯಿತಿಯೂ ರಿಯಾಯಿತಿಯಲ್ಲ.

ಕೊಳ್ಳಲೇಬೇಕೆ?

ಈ ಪ್ರಶ್ನೆಯನ್ನು ನಾವು ಕೊನೆಗೆ ಕೇಳಿಕೊಂಡೆವು, ಮೊದಲೇ ಕೇಳಬೇಕಿತ್ತು. ಐದು ಎಕರೆ, ವರ್ಷಕ್ಕೆ ಎರಡು ಸಲ, ಎಕರೆಗೆ ಎರಡು ಗಂಟೆ. ವರ್ಷಕ್ಕೆ ಇಪ್ಪತ್ತು ಗಂಟೆಯ ಕೆಲಸ! ಉಳಿದ ದಿನವೆಲ್ಲ ಯಂತ್ರ ಕೊಟ್ಟಿಗೆಯಲ್ಲಿ ಕೂರುತ್ತದೆ. ಬಯಲು ಹೊಲ ಮಾತ್ರ ಇರುವವರು ಬಾಡಿಗೆಗೆ ತರುವುದೇ ಜಾಣತನ. ಇವರಿಗೆ ತೋಟವಿದೆ, ಬಾಡಿಗೆಯ ದೊಡ್ಡ ಟ್ರ್ಯಾಕ್ಟರ್ ಅಡಿಕೆ ಸಾಲಿನೊಳಗೆ ನುಗ್ಗುವುದಿಲ್ಲ. ಆದ್ದರಿಂದ ಸ್ವಂತದ್ದು ಬೇಕು, ಆದರೆ ಚಿಕ್ಕದು ಸಾಕು. ಸಹಾಯಧನದ ವಿಚಾರವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಆದರೆ ಸಹಾಯಧನ ಸಿಗುತ್ತದೆಂದು ಅಳತೆ ತಪ್ಪಿದ ಯಂತ್ರ ತರಬೇಡಿ. ಅರ್ಧ ಬೆಲೆಗೆ ಸಿಕ್ಕ ಚಪ್ಪಲಿಯೂ ಕಾಲಿಗೆ ಹಿಡಿಯದಿದ್ದರೆ ದುಬಾರಿಯೇ.

ಸ್ವಂತ ಯಂತ್ರ ಬಂದ ಮೇಲೆ ಇನ್ನೊಂದು ಚಪಲ ಶುರುವಾಗುತ್ತದೆ: 'ಇನ್ನೊಂದು ಸುತ್ತು ಹೊಡೆದುಬಿಡೋಣ.' ಮಣ್ಣು ಹಿಟ್ಟಿನಂತಾದರೆ ಕಣ್ಣಿಗೆ ಚೆಂದ. ಮೊದಲ ಜೋರು ಮಳೆಗೆ ಆ ಹಿಟ್ಟು ಕೆಸರಾಗಿ, ಒಣಗಿ, ಹೆಪ್ಪುಗಟ್ಟುತ್ತದೆ. ರಾಗಿಯ ಮೊಳಕೆಗೆ ಅದನ್ನು ಒಡೆದು ಬರುವ ಶಕ್ತಿ ಇಲ್ಲ. ವರ್ಷಗಟ್ಟಲೆ ಒಂದೇ ಆಳಕ್ಕೆ ಹೊಡೆದರೆ ಅದರ ಕೆಳಗಿನ ಪದರ ಗಟ್ಟಿಯಾಗಿ ನೀರೂ ಇಳಿಯದು, ಬೇರೂ ಇಳಿಯದು. ಗರಿಕೆ, ಜೇಕು ಇರುವ ಹೊಲದಲ್ಲಂತೂ ಬ್ಲೇಡು ಅವುಗಳ ಬೇರು-ಗೆಡ್ಡೆಯನ್ನು ತುಂಡು ಮಾಡಿ ಹೊಲದ ತುಂಬ ನೆಟ್ಟ ಹಾಗಾಗುತ್ತದೆ. ನೆಲ ಹದವಾಗಿದ್ದಾಗ ಒಂದೇ ಸುತ್ತು. ಕೆಲವು ವರ್ಷಕ್ಕೊಮ್ಮೆ ಆಳದ ನೇಗಿಲು. ಇದು ನೆನಪಿರಲಿ.

ಸೆಕೆಂಡಿಗೆ ಒಂಬತ್ತು ಸುತ್ತು

ತಂದೆತಾಯಿಯರು ಈ ಭಾಗವನ್ನು ಎರಡು ಸಲ ಓದಬೇಕು. 540 ಸುತ್ತನ್ನು 60ರಿಂದ ಭಾಗಿಸಿ. ಸೆಕೆಂಡಿಗೆ ಒಂಬತ್ತು. ಟ್ರ್ಯಾಕ್ಟರಿಗೂ ರೋಟವೇಟರಿಗೂ ನಡುವೆ ತಿರುಗುವ ಶಾಫ್ಟಿನ ಕೀಲು ಸುಮಾರು ಹತ್ತು ಸೆಂಟಿಮೀಟರ್ ದಪ್ಪವಿದ್ದರೆ ಅದರ ಸುತ್ತಳತೆ 31 ಸೆಂಟಿಮೀಟರ್. ಅದಕ್ಕೆ ಬಟ್ಟೆಯ ಅಂಚು ಸಿಕ್ಕಿದರೆ ಸೆಕೆಂಡಿಗೆ 2.8 ಮೀಟರ್ ಎಳೆದುಕೊಳ್ಳುತ್ತದೆ. 'ಅಯ್ಯೋ' ಎನ್ನುವ ಅರ್ಧ ಸೆಕೆಂಡಿನಲ್ಲಿ 1.4 ಮೀಟರ್. ಹೆಗಲ ಟವೆಲು, ಪಂಚೆ, ಸೀರೆಯ ಸೆರಗು, ದುಪಟ್ಟಾ ಯಾವುದೂ ಅದಕ್ಕಿಂತ ಹೆಚ್ಚು ಅವಕಾಶ ಕೊಡುವುದಿಲ್ಲ. ಬಟ್ಟೆಯ ಹಿಂದೆ ಕೈ, ಕೈಯ ಹಿಂದೆ ಜೀವ.

ಆದ್ದರಿಂದ ಶಾಫ್ಟಿನ ಮೇಲೆ ಪ್ಲಾಸ್ಟಿಕ್ ಕವಚ ಇಲ್ಲದ ಯಂತ್ರವನ್ನು ಮನೆಗೆ ತರಬೇಡಿ. ಕೆಲವರು ಗ್ರೀಸ್ ಹಾಕಲು ಅಡ್ಡ ಎಂದು ಅದನ್ನು ಕಿತ್ತೆಸೆಯುತ್ತಾರೆ, ಕೀಳಬೇಡಿ. ಬ್ಲೇಡಿಗೆ ಸಿಕ್ಕ ಹುಲ್ಲು, ದಾರ ಬಿಡಿಸುವ ಮೊದಲು ಎಂಜಿನ್ ನಿಲ್ಲಿಸಿ ಕೀ ಜೇಬಿಗೆ ಹಾಕಿಕೊಳ್ಳಿ. ಎತ್ತಿ ನಿಲ್ಲಿಸಿದ ರೋಟವೇಟರಿನ ಕೆಳಗೆ ದಿಮ್ಮಿ ಇಡದೆ ಕೈ ಹಾಕಬೇಡಿ. ತಿರುವಿನಲ್ಲಿ ಎತ್ತುವಾಗ ಪಿ.ಟಿ.ಓ. ಬಿಡಿಸಿ. ಕಲ್ಲು ಸಿಕ್ಕಾಗ ತುಂಡಾಗಲೆಂದೇ ಒಂದು ಮೆತ್ತನೆಯ ಬೋಲ್ಟು ಇದ್ದರೆ, ಅದು ತುಂಡಾಯಿತೆಂದು ಗಟ್ಟಿ ಬೋಲ್ಟು ಹಾಕಬೇಡಿ. ಫ್ಯೂಸಿನ ಬದಲು ಕಂಬಿ ಕಟ್ಟಿದ ಹಾಗಾಗುತ್ತದೆ. ಮಡ್ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಹೊಲ ಹೊಡೆಯುವ ಅಪ್ಪಂದಿರೇ, ಪ್ರೀತಿ ತೋರಿಸಲು ಬೇರೆ ನೂರು ದಾರಿಗಳಿವೆ. ಅಲ್ಲಿಂದ ಜಾರಿದ ಮಗು ಬೀಳುವುದು ಚಕ್ರದ ಕೆಳಗೆ, ಅದರ ಹಿಂದೆಯೇ ಬ್ಲೇಡು.

ಜೇಬಿನೊಳಗಿನ ಹಾಳೆ

ಕತ್ತಲಾಗುವ ಹೊತ್ತಿಗೆ ಹಾಳೆ ತುಂಬಿತ್ತು. ತಂದೆ ಅದನ್ನು ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡರು. ಮರುವಾರ ಅಪ್ಪ-ಮಗಳು ಇಬ್ಬರೂ ಅಂಗಡಿಗೆ ಹೋದರಂತೆ. ಮೂರೂವರೆ ಅಡಿಯದನ್ನೇ ಆರಿಸಿದರಂತೆ. ಶಾಫ್ಟಿನ ಕವಚ ಎಲ್ಲಿ ಎಂದು ಮಗಳು ಕೇಳಿದಾಗ ಅಂಗಡಿಯ ಹುಡುಗ ಒಳಗಿನಿಂದ ತಂದುಕೊಟ್ಟನಂತೆ. ಕೇಳದಿದ್ದರೆ ಒಳಗೇ ಉಳಿಯುತ್ತಿತ್ತೇನೋ.

"ಇಷ್ಟು ವರ್ಷ ಇವಳಿಗೆ ಫೀಸು ಕಟ್ಟಿದ್ದೆ ಮೇಷ್ಟ್ರೇ. ಇವಳು ಏನು ಓದ್ತಾಳೆ ಅಂತ ಗೊತ್ತಾಗಿದ್ದು ಮೊನ್ನೆ" ಎಂದರು ಅವರು ಫೋನಿನಲ್ಲಿ.

ನಮ್ಮ ಮನೆಗಳಲ್ಲಿ ಒಂದು ಅಭ್ಯಾಸವಿದೆ. ಸಾಲದ, ಕೊಳ್ಳುವ, ಮಾರುವ ಮಾತು ಬಂದಾಗ 'ನೀನು ಹೋಗಿ ಓದಿಕೋ' ಎಂದು ಮಕ್ಕಳನ್ನು ಒಳಗೆ ಕಳಿಸುತ್ತೇವೆ. ಅವರು ಒಳಗೆ ಕೂತು ಓದುವುದಾದರೂ ಏನನ್ನು? ಬಲ, ವೇಗ, ಸನ್ನೆ, ಘರ್ಷಣೆ. ಜಗಲಿಯ ಮೇಲೆ ನಮಗೆ ಬೇಕಾದದ್ದೂ ಅದೇ. ನಡುವೆ ಇರುವುದು ಒಂದು ಬಾಗಿಲು ಮಾತ್ರ. ಮುಂದಿನ ಸಲ ಮನೆಗೆ ಪಂಪ್‌ಸೆಟ್ಟೋ ಟ್ರ್ಯಾಕ್ಟರೋ ರೋಟವೇಟರೋ ತರುವ ಮಾತು ಬಂದಾಗ ಮಕ್ಕಳನ್ನು ಹೊರಗೆ ಕರೆದು, ಒಂದು ಪೆನ್ಸಿಲು ಕೊಟ್ಟು, ಪಕ್ಕದಲ್ಲಿ ಕೂರಿಸಿಕೊಳ್ಳಿ. ಮಕ್ಕಳೇ, ಅಪ್ಪ ಕರೆಯದಿದ್ದರೂ ಬಾಗಿಲ ಬಳಿ ಬಂದು ನಿಲ್ಲಿ. ಒಂದು ಪ್ರಶ್ನೆ ಕೇಳಿ.